ಚೌಡಕ್ಕನ ಸೀರೆಹಗ್ಗ

ಹನ್ನೊಂದನೇ ದಿನದ ಕಾರ್ಯ ಮುಗಿಸಿ ನೆಂಟರು ಹೊರಟ ಮರುದಿನ, ಹಾಲಿನವನು ಎಂದಿನ ಹೊತ್ತಿಗೆ ಬಂದ. ನಾನು ಹೇಳದೆಯೇ ಅರ್ಧಕ್ಕರ್ಧ ಕಡಿಮೆ ಅಳೆದು ಹೋದ.

ನಮ್ಮವರು ಚನ್ನಗಿರಿಯ ದನದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದರು. ಅವರ ಸೈಕಲ್ಲಿನ ಚೀಲದಲ್ಲಿ ಒಂದು ಹಗ್ಗವಿತ್ತು. ಹೆಂಗಸರ ಹಳೆಯ ಸೀರೆಗಳನ್ನು ಹರಿದು ಹೆಣೆದದ್ದು, ಮೈಯೆಲ್ಲ ಕೆಸರು. ಒಂದು ತುಂಡೂ ನನ್ನ ಸೀರೆಯದೆನಿಸಲಿಲ್ಲ. ಪ್ರತಿ ಭಾನುವಾರ ಅವರು ಕತ್ತಲಗೆರೆಯ ಚೌಡಕ್ಕನ ದೊಡ್ಡಿಗೆ ಹೋಗುತ್ತಿದ್ದರು. ಅಲ್ಲೇನು ಕೆಲಸವೆಂದರೆ ನಗುತ್ತಿದ್ದರು. ಚೀಲ ಹಿಡಿದು ಮೊದಲ ಬಸ್ಸು ಹತ್ತಿದೆ.

ಮಂಜು ಇನ್ನೂ ಕರಗಿಲ್ಲ. ಐವತ್ತೈದು ದಾಟಿದ ಚೌಡಕ್ಕ ಕುರುಡು ಎಮ್ಮೆಯ ಬಾಯಿಗೆ ಹುಲ್ಲು ಹಿಡಿಯುತ್ತಿದ್ದಾರೆ.

"ಯಾರು ಕಳ್ಸಿದ್ದು?"

ಪತ್ರಿಕೆಗೆ ಬರೆಯುತ್ತೇನೆ ಎಂದೆ. ಅದು ನಿಜವೇ, ಯಾರ ಹೆಂಡತಿ ಎಂಬುದನ್ನಷ್ಟೇ ಹೇಳಲಿಲ್ಲ.

"ಕಟುಕರ ದಲ್ಲಾಳೀನೂ ಹಿಂಗೇ ಚೀಲ ಹಿಡ್ಕಂಡು ಬರೋದು. ಅದ್ರಾಗೆ ಏನೈತೆ?"

ಚೀಲವನ್ನು ಎದೆಗೆ ಒತ್ತಿಕೊಂಡೆ.

ದೊಡ್ಡಿಯಲ್ಲಿರುವುದು ಐದು ಎತ್ತು, ಮೂರು ಎಮ್ಮೆ, ಒಂದು ಕುಂಟು ಕತ್ತೆ. ಎಲ್ಲವೂ ಯಾರಿಗೂ ಬೇಡವಾದವು. ದಿನಕ್ಕೆ ನಲವತ್ತು ಕೊಡ ನೀರು, ಎಲ್ಲ ಇವರ ತಲೆಯ ಮೇಲೆ. ಜಗಳೂರು ಕಡೆಯ ಚೌಡಕ್ಕ, ಎಪ್ಪತ್ತೊಂದನೇ ಇಸವಿಯಲ್ಲಿ ಹೊನ್ನಾಳಿ ಸಂತೆಯಲ್ಲಿ ಯಾರೋ ಬಿಟ್ಟುಹೋದ ಮುದಿ ಎತ್ತನ್ನು ಮೂರು ದಿನ ನಡೆಸಿಕೊಂಡು ಇಲ್ಲಿಗೆ ಬಂದರು. ಅಲ್ಲಿಂದ ಶುರು.

ಪಕ್ಕದ ಹೊಲದ ಮುರುಗೇಶಪ್ಪ ನನ್ನನ್ನು ಬೇಲಿಯ ಬಳಿ ಕರೆದು ದನಿ ತಗ್ಗಿಸುತ್ತಾರೆ. "ದನ ಬರೋದು ಕಾಣ್ತೈತೆ, ಹೋಗೋದು ಕಾಣಲ್ಲ. ಚರ್ಮದ ಯಾಪಾರ ಇರ್ಬೌದು. ನೋಡ್ಕಂಡು ಬರೀರಿ."

ಚೌಡಕ್ಕನ ಕಿವಿ ಚುರುಕು. "ಸತ್ತವೆಲ್ಲ ಆ ಹುಣಸೆಮರದ ಬುಡದಾಗೆ ಅದಾವೆ. ಅಗ್ಯಾಕೆ ಗುದ್ದಲಿ ಕೊಡ್ಲೇನು ಮುರುಗೇಶಣ್ಣಾ?"

ಮುರುಗೇಶಪ್ಪ ಕೆಮ್ಮಿ ಹೊರಡುತ್ತಾರೆ.

ಮೂಲೆಯ ಎತ್ತಿಗೆ ಕೋಡಿನ ಬುಡದಲ್ಲಿ ಹುಣ್ಣು, ಒಳಗೆ ಹುಳ. ಕೈ ಇಟ್ಟರೆ ಹಾಯಲು ಬರುತ್ತದೆ. ಕೆಡವಿ ಕಟ್ಟದೆ ಹುಳ ತೆಗೆಯಲಾಗದು. ಹುಳ ತೆಗೆಯದಿದ್ದರೆ ಎತ್ತು ಉಳಿಯದು. ಮೊನ್ನೆ ನಾರಿನ ಹಗ್ಗ ಹಾಕಿದಾಗ ಕಾಲು ಕೊಯ್ದಿದೆ.

"ಮೆತ್ತನೇದೊಂದು ಹಗ್ಗ ಇತ್ತು. ಮನೆಮನೆ ತಿರುಗಿ ಹಳೇ ಸೀರೆ ಬೇಡಿ ಹೆಣೆದಿದ್ದೆ. ನ್ಯಾಮತಿ ಕಡೆ ಯಾವುದೋ ಎಮ್ಮೆಗೆ ಬೇಕು ಅಂತ ಕಂಪೌಂಡ್ರು ಒಯ್ದ್ರು. ನಾಳಿದ್ದೇ ತರ್ತೀನಿ ಅಂದೋರು, ಎರಡು ಭಾನುವಾರ ಆತು, ಮುಖ ತೋರ್ಸಿಲ್ಲ. ಓದಿದೋರ ಮಾತೇ ಇಷ್ಟು."

"ಅವರು ತೀರಿಕೊಂಡರು. ನಾನು ಅವರ ಹೆಂಡತಿ" ಎಂದು ಹಗ್ಗ ತೆಗೆದು ಕೊಟ್ಟೆ.

ಚೌಡಕ್ಕ ಅಲ್ಲೇ ಕೂರುತ್ತಾರೆ. ಹಗ್ಗವನ್ನು ಗೇಣುಗೇಣಾಗಿ ತಡವಿ ನೋಡುತ್ತಾರೆ. ಒಂದು ಕಡೆ ಬೆರಳು ನಿಲ್ಲುತ್ತದೆ. ಉಗುರಿನಿಂದ ಕೆಸರು ಕೆರೆದರೆ ಒಳಗೆ ನೀಲಿ ಅಂಚು. ದೀಪಾವಳಿಯಿಂದ ನಾನು ಹುಡುಕುತ್ತಿದ್ದ ಸೀರೆ.

"ಈ ತುಂಡು ಅವ್ರೇ ತಂದಿದ್ದು. ಮನೇಲಿ ಕೇಳಿ ತಂದೀನಿ ಅಂದ್ರು. ನಂಗೆ ನಂಬಿಕೆ ಬರ್ಲಿಲ್ಲ. ಕೇಳಿದ್ರೇನವ್ವಾ?"

"ಕೇಳಿದ್ದರು" ಎನ್ನುತ್ತೇನೆ.

ಚೌಡಕ್ಕ ನನ್ನ ಮುಖವನ್ನೇ ನೋಡುತ್ತಾರೆ. ಎದ್ದು, ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಡುತ್ತಾರೆ.

"ಹಿಡ್ಕ. ಜಗ್ಗಬ್ಯಾಡ. ಇದ್ರಾಗೆ ಕೆಡವಿದ ಒಂದು ದನಕ್ಕೂ ಇವತ್ತಿನಗಂಟ ಗಾಯ ಆಗಿಲ್ಲ."