ಉಪಚಾರದ ಮಾತಿಗೆ ಹೋಗಲಿದ್ದ ಕುರ್ಚಿ

ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯೊಂದರಲ್ಲಿ ಕಾರಕೂನರಾಗಿದ್ದ ಅಜ್ಜ, ಇಂಗ್ಲಿಷ್ ಮ್ಯಾನೇಜರ್ ತನ್ನ ದೇಶಕ್ಕೆ ಮರಳುವಾಗ ಬಿಟ್ಟುಹೋದ ಕುರ್ಚಿಯನ್ನು ಮನೆಗೆ ತಂದಿದ್ದರು. ಬಾಗಿಸಿದ ಪ್ಲೈವುಡ್ಡಿನ ಬೆನ್ನು, ಕಡ್ಡಿಯಂಥ ಕಾಲುಗಳು. ಅಜ್ಜಿಗೆ ಮೊಣಕಾಲು ನೋವು ಶುರುವಾದ ಮೇಲೆ ಆ ಕಾಲುಗಳ ಕೆಳಗೆ ಕಟ್ಟಿಗೆ ತುಂಡು ಬಡಿಸಿ ಎತ್ತರಿಸಿದೆವು. ಯಾರ ಕೈಯೂ ಹಿಡಿಯದೆ ಅವಳಿಗೆ ಏಳಲಾಗುವುದು ಅದೊಂದರಿಂದಲೇ.

ಯಾರೋ ಕಳಿಸಿದ ಫೋಟೋ ನೋಡಿ, ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಬಿಬವೇವಾಡಿಯ ನಮ್ಮ ಮನೆಗೆ ಬಂದ. ಮಂಡಿಯೂರಿ ಕುರ್ಚಿಯ ತಳ ನೋಡಿದ. ಕಳೆದ ಶತಮಾನದ ನಡುವಿನ ಬ್ರಿಟಿಷ್ ವಿನ್ಯಾಸ, ಬಲು ಅಪರೂಪ, ಸಂಗ್ರಾಹಕರು ಹುಡುಕುತ್ತಿದ್ದಾರೆ ಎಂದ. ತೋಳಿನ ಮೇಲೆ ಸಾಹೇಬನ ಸಿಗರೇಟು ಸುಟ್ಟ ಗುರುತು ಅವನಿಗೆ ‘ಇತಿಹಾಸ’. ಬೆನ್ನಿನ ಮೇಲೆ ಅಜ್ಜಿಯ ತಲೆಯೆಣ್ಣೆಯ ಕಲೆ ‘ಡ್ಯಾಮೇಜ್’. ಇದು ಯಾವ ತರ್ಕ ಎಂದು ಕೇಳಿದೆ. ನಕ್ಕ. ನಗು ಉತ್ತರವಲ್ಲ, ಯಾವ ಚರ್ಚಾಸ್ಪರ್ಧೆಯಲ್ಲೂ ಅದಕ್ಕೆ ಅಂಕವಿಲ್ಲ.

ಆಮೇಲೆ ಅಜ್ಜಿಯತ್ತ ತಿರುಗಿ ಕುರ್ಚಿಯನ್ನು ಹೊಗಳಿದ. ಬಂದವರು ಏನನ್ನಾದರೂ ಮೆಚ್ಚಿದರೆ ನಮ್ಮವರೂ ಇಲ್ಲಿಯವರೂ ಹೇಳುವ ಮಾತೊಂದಿದೆ. ಅಜ್ಜಿ ಅದನ್ನೇ ಮರಾಠಿಯಲ್ಲಿ ಹೇಳಿದಳು: “ತುಮಚೀಚ್ ಸಮಜಾ.” ನಿಮ್ಮದೇ ಅಂತ ತಿಳಿಯಿರಿ. ಉಟ್ಟ ಸೀರೆಗೂ, ಹಿತ್ತಾಳೆ ಕೊಡಕ್ಕೂ ಅವಳು ಹೀಗೇ ಅಂದಿದ್ದಾಳೆ, ಯಾರೂ ಹೊತ್ತೊಯ್ದಿಲ್ಲ. ‘ಇರ್ಲಿ ಬಿಡ್ರಿ, ನಿಮ್ಮ ಮನಿಯಾಗs ಶೋಭಾ’ ಎನ್ನುವುದು ಬಂದವರ ಪಾಳಿ. ಪುಣೆಯಲ್ಲೇ ಹುಟ್ಟಿ ಬೆಳೆದ ಆ ವ್ಯಾಪಾರಿಗೆ ಇಷ್ಟೂ ಗೊತ್ತಿರಲಿಲ್ಲವೆಂದರೆ ನಾನು ನಂಬಲಾರೆ. ಬೆಲೆಯ ಮಾತನ್ನೇ ಎತ್ತದೆ, ಕೈಮುಗಿದು, ನಾಳೆ ಟೆಂಪೋ ಕಳಿಸುತ್ತೇನೆಂದು ಹೊರಟೇಬಿಟ್ಟ.

ಆಗಲ್ಲ ಅಂತ ಹೇಳಿಕಳಿಸು ಎಂದು ಅಜ್ಜಿಯ ಬೆನ್ನು ಹತ್ತಿದೆ.

“ಒಮ್ಮೆ ಕೊಟ್ಟೀನಿ ಅಂದಮ್ಯಾಲ ಮುಗೀತು. ನಾ ಪ್ಲಾಸ್ಟಿಕ್ ಖುರ್ಚಿಮ್ಯಾಲ ಕುಂಡರ್ತೀನಿ.”

“ಕೊಟ್ಟೀನಿ ಅಂತ ಎಲ್ಲಿ ಅಂದಿ? ತಿಳ್ಕೋರಿ ಅಂದಿ. ತಿಳ್ಕೊಂಡ ಹೋಗ್ಯಾನ, ತಿಳ್ಕೊಂಡs ಇರ್ಲಿ.”

“ಸಾಕ್ ಮಾಡು ನಿನ್ನ ವಕೀಲಕಿ.”

ಪ್ಲಾಸ್ಟಿಕ್ ಕುರ್ಚಿಯಿಂದ ಅವಳನ್ನು ಎಬ್ಬಿಸಲು ಇಬ್ಬರು ಬೇಕು. ನಾನೇ ಫೋನ್ ಮಾಡಿ ಟೆಂಪೋ ಬೇಡವೆಂದೆ. ಅಜ್ಜಿ ಮಾತು ಕೊಟ್ಟಿದ್ದಾರೆ ಎಂದು ಅವನು ಶುರುಮಾಡಿದ. ಮುದುಕಿಯೊಬ್ಬಳ ಉಪಚಾರದ ಮಾತನ್ನು ಕರಾರು ಮಾಡಿಕೊಂಡವನು ನನಗೆ ಮಾತಿನ ಬೆಲೆ ಕಲಿಸಬೇಕಾಗಿಲ್ಲ ಎಂದು ಫೋನಿಟ್ಟೆ.

ಮನೆಯ ಮರ್ಯಾದೆ ತೆಗೆದೆನೆಂದು ಅಜ್ಜಿ ಈಗ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಿಡಲಿ. ಬೆಳಿಗ್ಗೆ ಆ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಚಹಾ ಕುಡಿಯುತ್ತಾಳೆ. ನಾನು ಕೈ ಚಾಚಿದರೂ ನೋಡದೆ, ತಾನೇ ಎದ್ದು, ಕಪ್ಪು ತೊಳೆಯಲು ಹೋಗುತ್ತಾಳೆ.