ಯಾರೂ ವಾಸವಿರುವುದಿಲ್ಲ

ದೆವ್ವ ಕಂಡೆ ಎನ್ನುವವರ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ನಗು. ಕೋಟೆ ರಸ್ತೆಯ ನಮ್ಮ ಮನೆಯಲ್ಲಿ ಕರೆಂಟು ಹೋದಾಗ ಸೋದರತ್ತೆಯಂದಿರು ಇಂಥ ಕಥೆ ಶುರು ಮಾಡಿದರೆ, ನಾನು ಅಡ್ಡಪ್ರಶ್ನೆ ಹಾಕಿ ಅವರ ಬಾಯಿ ಮುಚ್ಚಿಸುತ್ತಿದ್ದೆ. "ಇವಳು ಲಾಯರೇ ಆಗ್ತಾಳೆ ಬಿಡು ಮಾರಾಯ್ತಿ" ಎನ್ನುತ್ತಿದ್ದರು. ಹಾಗೇ ಆದೆ. ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ. ಗೊತ್ತಿರುವುದನ್ನು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬಿಡುತ್ತೇನೆ.

ಕಾನೂನು ಓದು ಮುಗಿಸಿದ ವರ್ಷ ಶಿವಮೊಗ್ಗದಲ್ಲಿ ರಾಜ್ಯ ಸರ್ಕಾರದ ಒಂದು ಮಂಡಳಿಯ ಕಚೇರಿಗೆ ಇಂಟರ್ನ್ ಆಗಿ ಸೇರಿದ್ದೆ. ಮಂಡಳಿಯ ಹೆಸರು ಬೇಡ. ಅಧಿವೇಶನದ ಹೊತ್ತಿನಲ್ಲಿ ಶಾಸಕರು ಕೇಳುವ ಪ್ರಶ್ನೆಗಳಿಗೆ ಉತ್ತರದ ಕರಡು ತಯಾರಿಸುವುದು ನನ್ನ ಕೆಲಸ. ಅದಕ್ಕೊಂದು ಅಚ್ಚು ಇದೆ. ಎಡಗಡೆ "ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂಬ ಪ್ರಶ್ನೆ, ಬಲಗಡೆ "ಬಂದಿದೆ" ಅಥವಾ "ಬಂದಿರುವುದಿಲ್ಲ". ಹಳೆಯ ಪ್ರಶ್ನೆಯೇ ಮತ್ತೆ ಬಂದರೆ ಹಿಂದಿನ ಅಧಿವೇಶನದ ಉತ್ತರವನ್ನು ತೆಗೆದು, ದಿನಾಂಕ ಬದಲಿಸಿ ಕಳಿಸಿಬಿಡುವುದು ಅಲ್ಲಿಯ ಪದ್ಧತಿ. ಯಾರೂ ಹೋಗಿ ನೋಡುತ್ತಿರಲಿಲ್ಲ.

ಆ ಸಲ ಬೆಳಗಾವಿ ಅಧಿವೇಶನಕ್ಕೆ ಹೀಗೆ ಒಂದು ಹಳೆಯ ಪ್ರಶ್ನೆ ಬಂತು. ಭದ್ರಾವತಿಯ ನ್ಯೂ ಟೌನ್ ಆಚೆ ಮಂಡಳಿಯ ನೌಕರರಿಗೆಂದು ಎಂದೋ ಕಟ್ಟಿದ್ದ ಕ್ವಾರ್ಟರ್ಸ್ ಇದ್ದವು. ಆ ಶಿಥಿಲ ಮನೆಗಳಲ್ಲಿ ಜನ ವಾಸವಿದ್ದಾರೆಯೇ, ಇದ್ದರೆ ಬದಲಿ ವಸತಿ ಕೊಡಲಾಗುವುದೇ ಎಂದು ಶಾಸಕರು ಕೇಳಿದ್ದರು. ಹಿಂದಿನ ಉತ್ತರ ಚಿಕ್ಕದು: "ಯಾರೂ ವಾಸವಿರುವುದಿಲ್ಲ." ನನಗೆ ಕೂತಲ್ಲಿ ಕೂರಲಾಗದ ಸ್ವಭಾವ. ಒಮ್ಮೆ ನೋಡಿಕೊಂಡು ಬರುತ್ತೇನೆ ಎಂದು ಹಟ ಹಿಡಿದೆ. ಸಾಹೇಬರು ಮುಖ ಸಿಂಡರಿಸಿ ಜೀಪ್ ಕೊಟ್ಟರು. ಡ್ರೈವರ್ ಶೇಖರಪ್ಪ ಜೊತೆಗೆ ಬಂದರು.

ಮಧ್ಯಾಹ್ನದ ಬಿಸಿಲಿತ್ತು. ಸಾಲು ಮನೆಗಳ ತಾರಸಿ ಕುಸಿದು, ಅಂಗಳದಲ್ಲಿ ಲಂಟಾನ ಬೆಳೆದಿತ್ತು. ಉತ್ತರ ಸರಿಯಾಗೇ ಇದೆ ಎಂದುಕೊಂಡು ಹೊರಡುವಷ್ಟರಲ್ಲಿ ಕೊನೆಯ ಮನೆಯ ಬಾಗಿಲು ತೆರೆಯಿತು. "ಯಾರಮ್ಮ? ಆಫೀಸಿಂದಾನಾ? ಬಾ ಒಳಗೆ" ಎಂದು ವಯಸ್ಸಾದ ಹೆಂಗಸೊಬ್ಬರು ಕರೆದರು.

ಅವರ ಹೆಸರು ಗಿರಿಜಮ್ಮ. ಗಂಡ ರುದ್ರಪ್ಪನವರು ಮಂಡಳಿಯಲ್ಲೇ ಪಂಪ್ ಆಪರೇಟರ್ ಆಗಿದ್ದವರು, ಪಾರ್ಶ್ವವಾಯು ಹೊಡೆದು ಮಂಚ ಹಿಡಿದಿದ್ದರು. ಮೇಲಿನ ತಾರಸಿಯಿಂದ ಗಾರೆ ಉದುರುತ್ತಿತ್ತು. ಅದು ಗಂಡನ ಮುಖದ ಮೇಲೆ ಬೀಳದಿರಲೆಂದು ಗಿರಿಜಮ್ಮ ತಮ್ಮದೊಂದು ಹಸಿರು ಸೀರೆಯನ್ನು ನಾಲ್ಕು ಮೂಲೆಯ ಕೊಕ್ಕೆಗಳಿಗೆ ಬಿಗಿದು ಚಪ್ಪರದ ಹಾಗೆ ಕಟ್ಟಿದ್ದರು. ಗಿಳಿಹಸಿರು ಬಣ್ಣ, ಹೊಸದರಂತೆ ಹೊಳೆಯುತ್ತಿತ್ತು.

"ನಮ್ಗೆ ಬೇರೆ ಏನೂ ಬೇಡಮ್ಮ. ಸೋರದೆ ಇರೋ ಒಂದು ರೂಮು. ಇವ್ರನ್ನ ಎತ್ಕೊಂಡು ನಾನು ಎಲ್ಲಿಗೆ ಹೋಗ್ಲಿ? ಇದೀವಿ ಅಂತ ಬರ್ಕೊಂಡು ಹೋಗು, ಸಾಕು" ಎಂದರು.

ಬರೆಯುತ್ತೇನೆ ಎಂದೆ. ಅವರು ಟೀ ಕೊಟ್ಟರು, ಶೇಖರಪ್ಪನವರಿಗೂ ಒಳಗೇ ಕರೆದು ಕೊಟ್ಟರು. ನಿಂಬೆ ಉಪ್ಪಿನಕಾಯಿಯ ವಾಸನೆಗೆ ನಮ್ಮಜ್ಜಿಯ ನೆನಪಾಯಿತು ಎಂದು ನಾನು ಬಾಯಿತಪ್ಪಿ ಹೇಳಿದ್ದಕ್ಕೆ ಒಂದು ಗಾಜಿನ ಬಾಟಲಿಯಲ್ಲಿ ತುಂಬಿಸಿಯೂ ಕೊಟ್ಟರು. "ಬಾಟಲಿ ಮಾತ್ರ ವಾಪಸ್ ತಂದ್ಕೊಡು, ಇರೋದು ಅದೊಂದೇ." ಮಲಗಿದ್ದವರ ಫೋಟೋ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಹೊರಗಿನಿಂದ ಅರೆ ತೆರೆದ ಬಾಗಿಲಿನದೊಂದು ತೆಗೆದುಕೊಂಡು ಬಂದೆ.

ಸಂಜೆ "ಒಂದು ಕುಟುಂಬ ವಾಸವಿರುತ್ತದೆ" ಎಂದು ಕರಡು ಬರೆದು ಸಾಹೇಬರ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು.

"ನೋಡಮ್ಮ, ಹೋದ ಸಲ ಯಾರೂ ಇಲ್ಲ ಅಂತ ಸದನಕ್ಕೆ ಹೇಳಿದೀವಿ. ಈಗ ಇದಾರೆ ಅಂದ್ರೆ, ಸುಳ್ಳು ಹೇಳಿದ್ರು ಅಂತ ಮಂತ್ರಿಗಳ ಮೇಲೆ ಹಕ್ಕುಚ್ಯುತಿ ತರ್ತಾರೆ. ಸದನದಲ್ಲಿ ಇಲ್ಲ ಅಂದ್ಮೇಲೆ ಇಲ್ಲ."

"ಇದಾರೆ ಸರ್. ಅವರ ಮನೇಲಿ ಟೀ ಕುಡಿದು ಬಂದಿದೀನಿ."

"ಉತ್ತರ ಹೋಗ್ಲಿ. ಆಮೇಲೆ ಅವ್ರಿಗೆ ಏನಾದ್ರೂ ಮಾಡೋಣ."

ಜಗಳವಾಡಿದೆ. ಇಂಟರ್ನ್ ಮಾತಿಗೆ ಎಷ್ಟು ಬೆಲೆ ಎಂದು ಅಂದು ತಿಳಿಯಿತು. ಹಳೆಯ ಉತ್ತರವೇ ಬೆಳಗಾವಿಗೆ ಹೋಯಿತು. ಖಾಲಿ ಎಂದು ಸದನದಲ್ಲಿ ಹೇಳಿದ ಕಟ್ಟಡವನ್ನು ಕೆಡವಲು ಯಾರ ಅಪ್ಪಣೆಯೂ ಬೇಕಿಲ್ಲ. ಗಿರಿಜಮ್ಮನವರಿಗೆ ಮೊದಲೇ ತಿಳಿಸಿ, ಒಂದು ಅರ್ಜಿ ಬರೆದುಕೊಡೋಣ ಎಂದು ಅಧಿವೇಶನದಲ್ಲಿ ಆ ಪ್ರಶ್ನೆ ಬರುವ ದಿನವೇ ರಜೆ ಹಾಕಿ ಹೊರಟೆ. ಬಾಟಲಿಯನ್ನು ತೊಳೆದು ಒಣಗಿಸಿಟ್ಟಿದ್ದೆ. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ರೂಢಿ ನಮ್ಮಲ್ಲಿಲ್ಲ, ಹಾಗಾಗಿ ಗಾಂಧಿ ಬಜಾರಿನಲ್ಲಿ ಸಕ್ಕರೆ ಕೊಂಡು ತುಂಬಿಸಿಕೊಂಡೆ.

ಭದ್ರಾವತಿಯ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಸದನದ ನೇರಪ್ರಸಾರ ನೋಡುತ್ತಿದ್ದೆ. ಬಸ್ಸು ಊರು ಸೇರುವಾಗ ನಮ್ಮ ಪ್ರಶ್ನೆ ಬಂತು. ಮಂತ್ರಿಗಳು ತಲೆ ಎತ್ತದೆ ಓದಿದರು: "ಯಾರೂ ವಾಸವಿರುವುದಿಲ್ಲ." ಶಾಸಕರು ಮತ್ತೇನೋ ಕೇಳಲು ಎದ್ದರು. ಗದ್ದಲದಲ್ಲಿ ಕೇಳಿಸಲಿಲ್ಲ.

ಕೊನೆಯ ಮನೆಯ ಬಾಗಿಲಿಗೆ ಬೀಗವಿತ್ತು. ಬೀಗ ತುಕ್ಕು ಹಿಡಿದು ಚಿಲಕಕ್ಕೆ ಅಂಟಿಕೊಂಡಿತ್ತು. ಮನೆ ತಪ್ಪಿರಬೇಕೆಂದು ಸಾಲನ್ನೆಲ್ಲ ಸುತ್ತಿ ಬಂದೆ, ಮೊಬೈಲಿನ ಫೋಟೋ ತೆಗೆದು ಹೋಲಿಸಿದೆ. ಅದೇ ಬಾಗಿಲು. ಕಿಟಕಿಯ ಮುರಿದ ರೆಕ್ಕೆ ಸರಿಸಿ ಒಳಗೆ ನೋಡಿದೆ. ಗೋಡೆ ಸೀಳಿಕೊಂಡು ಅರಳಿಯ ಬೇರು ಇಳಿದಿತ್ತು. ಒಲೆಯಿದ್ದ ಕಡೆ ಮಣ್ಣು. ಮಂಚವಿದ್ದ ಜಾಗದಲ್ಲಿ ಸೊಂಟದೆತ್ತರದ ಗೆದ್ದಲ ಗೂಡು.

ಅದರ ಮೇಲೆ ಸೀರೆ ಇತ್ತು. ಅದೇ ನಾಲ್ಕು ಕೊಕ್ಕೆಗಳು. ಬಟ್ಟೆ ಜೀರ್ಣವಾಗಿ, ಬಣ್ಣ ಹೋಗಿ, ಉದುರಿದ ಗಾರೆಯ ಭಾರಕ್ಕೆ ಜೋತು ಹುತ್ತದ ನೆತ್ತಿಯನ್ನು ಮುಟ್ಟುತ್ತಿತ್ತು. ಅಂಚಿನ ಮಡಿಕೆಯೊಂದರಲ್ಲಿ ಮಾತ್ರ ಬೆರಳಗಲ ಗಿಳಿಹಸಿರು ಉಳಿದಿತ್ತು.

ಹಿಂದಿನ ಬೀದಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ತಮಿಳು ಹೆಂಗಸನ್ನು ಕೇಳಿದೆ. "ಅಲ್ಲಿ ಯಾರೂ ಇಲ್ಲಮ್ಮ. ನಾವು ಇಲ್ಲಿಗೆ ಬಂದಾಗಿಂದ ಬೀಗಾನೇ" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಮರುದಿನ ಶೇಖರಪ್ಪನವರನ್ನು ಹಿಡಿದು ಕೇಳಿದೆ. "ಯಾವ ಟೀ ಮೇಡಂ? ನಾನು ಜೀಪಿಂದ ಇಳಿದೇ ಇಲ್ವಲ್ಲ" ಎಂದರು. ನನ್ನ ಕಣ್ಣು ತಪ್ಪಿಸಿ ಹೇಳಿದರೋ, ನೇರ ನೋಡಿ ಹೇಳಿದರೋ, ಈಗ ನೆನಪಿಗೆ ಬರುವುದಿಲ್ಲ. ಅವರದು ಗುತ್ತಿಗೆ ನೌಕರಿ, ಹೆದರಿರಬಹುದು. ಆದರೆ ಹೆದರಿಕೆಗೆ ಗೆದ್ದಲು ಹುತ್ತ ಕಟ್ಟುವುದಿಲ್ಲ. ರುದ್ರಪ್ಪ ಎಂಬ ಪಂಪ್ ಆಪರೇಟರ್ ಇದ್ದರೇ ಎಂದು ಕಚೇರಿಯ ಹಳಬರಲ್ಲಿ ವಿಚಾರಿಸಿದೆ. ಇದ್ದರು ಎಂದರು. ಆಮೇಲೆ ಏನಾದರು ಎಂದು ಒಬ್ಬರಿಗೂ ಗೊತ್ತಿರಲಿಲ್ಲ, ಮತ್ತೆ ಮತ್ತೆ ಕೇಳಿದಾಗ ರೇಗಿದರು. ತಿಂಗಳೊಳಗೆ ಆ ಸಾಲನ್ನು ಕೆಡವಿ ನೆಲಸಮ ಮಾಡಿದರು.

ಈಗ ಶಿವಮೊಗ್ಗದಲ್ಲೇ ವಕೀಲಿ ಮಾಡುತ್ತಿದ್ದೇನೆ. ದೆವ್ವದ ಕಥೆಗೆ ನಗುವುದನ್ನು ಬಿಟ್ಟಿದ್ದೇನೆ, ಆದರೆ ನಾನು ಕಂಡದ್ದು ದೆವ್ವ ಎನ್ನಲು ಇಂದಿಗೂ ಬಾಯಿ ಬರುವುದಿಲ್ಲ. ಅವರು ಎಂದೋ ತೀರಿಕೊಂಡು, ತಾವಿದ್ದೇವೆ ಎಂದು ಬರೆಸಿಕೊಳ್ಳಲು ಆ ಮಧ್ಯಾಹ್ನ ಕಾದು ಕೂತಿದ್ದರೇ? ಹಾಗಿದ್ದರೆ ನನಗೆ ಭಯವಿಲ್ಲ. ಅವರು ನಿಜಕ್ಕೂ ಬದುಕಿದ್ದು, ಯಾರೂ ಇಲ್ಲ ಎಂದು ಸದನದಲ್ಲಿ ಓದಿದ ಮೇಲೆ ಇಲ್ಲವಾದರೇ? ಈ ಪ್ರಶ್ನೆಯ ಮುಂದೆ ನನ್ನ ಲಾಯರ್ ಬುದ್ಧಿ ನಿಲ್ಲುವುದಿಲ್ಲ.

ಸಕ್ಕರೆ ತುಂಬಿದ ಬಾಟಲಿ ನಮ್ಮ ಅಡುಗೆಮನೆಯ ಗೂಡಿನಲ್ಲಿದೆ. ಮನೆಯಲ್ಲಿ ಸಕ್ಕರೆ ಮುಗಿದ ದಿನವೂ ಅದನ್ನು ಮುಟ್ಟಲು ನಾನು ಯಾರಿಗೂ ಬಿಡುವುದಿಲ್ಲ. ಅದು ಗಿರಿಜಮ್ಮನದು, ವಾಪಸ್ ಕೊಡಬೇಕು.