ಕ್ಲೈವ್‌ನ ಬೆನ್ನಿನ ಕಲೆಗಳು

ಟಾಸ್ಮೇನಿಯಾದ ಉತ್ತರ ತೀರದ ಆಸ್ಪತ್ರೆಯೊಂದರ ರಕ್ತ ಪರೀಕ್ಷಾಲಯದಲ್ಲಿ ರೋಸ್ಲಿನ್ ಕ್ವಿಲ್ಟಿ ಇಪ್ಪತ್ತಾರು ವರ್ಷ ದುಡಿದಿದ್ದಳು. ಜೀವಕೋಶಗಳ ಮೈಮೇಲಿನ ಗುರುತುಗಳನ್ನು ಫ್ಲೋ ಸೈಟೋಮೀಟರ್ ಯಂತ್ರ ಬಣ್ಣದ ಚುಕ್ಕೆಗಳಾಗಿ ತೋರಿಸುತ್ತಿತ್ತು. ಅವನ್ನು ಓದಿ, ಇದು ಯಾವ ಬಗೆಯ ರಕ್ತ ಕ್ಯಾನ್ಸರ್ ಎಂದು ಬರೆಯುವುದು ಅವಳ ಕೆಲಸ.

ಮಾರ್ಚ್‌ನ ಒಂದು ಗುರುವಾರ ಕ್ಲೈವ್ ಟ್ರೆಥೆವಿಯ ಮೂಳೆಮಜ್ಜೆಯ ಮಾದರಿ ಬಂತು. ಎಪ್ಪತ್ತೊಂದರಲ್ಲೂ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ ಮನುಷ್ಯ. ಅವನ ಕೋಶಗಳ ಮೇಲೆ ಸಿಡಿ-4 ಎಂಬ ಗುರುತು ಇತ್ತು, ಸಿಡಿ-56 ಇತ್ತು. ಉಳಿದ ಮುಖ್ಯ ಗುರುತುಗಳು ಕಾಣಲಿಲ್ಲ. ಅವನ ಚಿಕಿತ್ಸೆ ನೋಡುತ್ತಿದ್ದ ಡಾಕ್ಟರ್ ಲಾಡ್ ವರದಿ ಬೇಗ ಬೇಕೆಂದು ಆಗಲೇ ಎರಡು ಸಲ ಫೋನ್ ಮಾಡಿದ್ದರು. ಈ ಜೋಡಿ ಮಾನೊಸೈಟ್ ಎಂಬ ಬಿಳಿ ರಕ್ತಕಣದ ಕ್ಯಾನ್ಸರಿನಲ್ಲೂ ಬರುವುದುಂಟು. ಅವಳು ಹಾಗೆಂದೇ ಬರೆದು ಸಹಿ ಹಾಕಿದಳು. ಶುಕ್ರವಾರ ಔಷಧಿ ಶುರುವಾಯಿತು.

ಅವಸರದಲ್ಲಿ ಇನ್ನೊಂದು ಗುರುತನ್ನು ಪರೀಕ್ಷಿಸದೆ ಬಿಟ್ಟದ್ದು ಶನಿವಾರ, ಭಾನುವಾರ ಅವಳನ್ನು ಕೊರೆಯಿತು. ಸೋಮವಾರ ಬೆಳಗ್ಗೆಯೇ ಉಳಿದಿದ್ದ ಮಾದರಿಗೆ ಆ ಗುರುತನ್ನು ತೋರಿಸುವ ಬಣ್ಣ ಬೆರೆಸಿ ನೋಡಿದಳು. ಸಿಡಿ-123 ಧಗಧಗ ಹೊಳೆಯಿತು. ಈ ಮೂರೂ ಒಟ್ಟಿಗೆ ಹೀಗೆ ಬರುವ ಅಪರೂಪದ ರಕ್ತ ಕ್ಯಾನ್ಸರ್ ಒಂದಿದೆ. ಅದು ಹೆಚ್ಚಾಗಿ ಚರ್ಮದಲ್ಲಿ ಮೊದಲು ಕಾಣಿಸುತ್ತದೆ. ಅವಳು ಲಾಡ್‌ಗೆ ಫೋನ್ ಮಾಡಿ, ನೇರ ವಾರ್ಡಿಗೆ ಹೋದಳು.

"ಯಾರಮ್ಮಾ ನೀವು, ಇನ್ನೂ ರಕ್ತ ಬೇಕಾ?" ಎಂದ ಕ್ಲೈವ್.

"ನಾನು ಲ್ಯಾಬಿನವಳು. ರಕ್ತ ಬೇಡ. ನಿಮ್ಮ ಬೆನ್ನು ಒಂದ್ಸಲ ನೋಡ್ಲಾ?"

"ಈ ವಯಸ್ಸಲ್ಲಿ ನನ್ನ ಬೆನ್ನು ಹುಡುಕ್ಕೊಂಡು ಬಂದೋರು ನೀವೊಬ್ರೇ!"

ಅಂಗಿ ಎತ್ತಿದರೆ ನೇರಳೆ ಬಣ್ಣದ ಆರೇಳು ಗಟ್ಟಿ ಕಲೆಗಳು.

"ಅವಾ? ಕ್ರಿಸ್‌ಮಸ್‌ನಿಂದ ಇವೆ. ಟಗರು ಗುದ್ದಿದ್ದು ಅಂದ್ಕೊಂಡೆ. ಇಲ್ಲಿ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

"ಗುರುವಾರ ನಾನು ಬರೆದ ವರದಿ ತಪ್ಪು ಅನ್ಸುತ್ತೆ. ಮೂರು ದಿನದಿಂದ ನಿಮಗೆ ಕೊಡ್ತಿರೋದು ಬೇರೆ ರೋಗದ ಔಷಧಿ."

ಕ್ಲೈವ್ ಅಂಗಿ ಕೆಳಗಿಳಿಸಿ, ಪಕ್ಕದ ಕುರ್ಚಿಯನ್ನು ಅವಳತ್ತ ಸರಿಸಿದ. "ಕೂತ್ಕೊಳ್ಳಿ," ಎಂದ. "ಈಗ ಏನ್ಮಾಡ್ಬೇಕು, ಹೇಳಿ."

ಕಲೆಯಿಂದ ತೆಗೆದು ಪರೀಕ್ಷಿಸಿದ ಚರ್ಮದ ತುಣುಕು ಅವಳ ಅನುಮಾನವನ್ನೇ ಖಚಿತಪಡಿಸಿತು. ಔಷಧಿ ಬದಲಾಯಿತು. ಅಲ್ಲಿ ಚಳಿಗಾಲವಾದ ಜೂನ್, ಜುಲೈನಲ್ಲಿ ಕಲೆಗಳು ಮಾಸಿದವು. ಸೆಪ್ಟೆಂಬರಿನಲ್ಲಿ ಮತ್ತೆ ಎದ್ದವು. ನವೆಂಬರಿನಲ್ಲಿ ಕ್ಲೈವ್ ತೀರಿಕೊಂಡ.

"ಆ ಮೂರು ದಿನದಿಂದ ಏನೂ ವ್ಯತ್ಯಾಸ ಆಗ್ಲಿಲ್ಲ ರೋಸ್, ಮನಸ್ಸಿಗೆ ಹಚ್ಕೋಬೇಡ," ಎಂದರು ಲಾಡ್.

"ಗೊತ್ತಿದ್ದು ಹೇಳ್ತಿದ್ದೀರಾ, ಇಲ್ಲ ಸಮಾಧಾನಕ್ಕಾ?"

ರೋಸ್ಲಿನ್ ಕೆಲಸ ಬಿಡಲಿಲ್ಲ. ಆದರೆ ಆಮೇಲೆ ಎಷ್ಟೋ ತಿಂಗಳು, ಸರಳವಾದ ವರದಿಗೂ ಪಕ್ಕದ ಮೇಜಿನವಳನ್ನು ಕರೆದು, "ಇದನ್ನ ನೀನೂ ಒಂದ್ಸಲ ನೋಡೇ," ಎನ್ನುತ್ತಿದ್ದಳು.